ಸ್ಯಾಲಿ ಹಡಗಿನ ಲೆಕ್ಕದ ಪುಸ್ತಕ: ಒಂದು ಪ್ರಕರಣ ಅಧ್ಯಯನ

ವಾಣಿಜ್ಯ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಿರ್ದಿ, ಖಾತೆ, ದಾಸ್ತಾನು, ಅಡಾವೆ ಪತ್ರಿಕೆಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ. ಕೆಲವು ವರ್ಷಗಳಿಂದ ಅದಕ್ಕೆ ಆರಿಸಿಕೊಳ್ಳುತ್ತಿರುವುದು 1764ರಲ್ಲಿ ಉತ್ತರ ಅಮೆರಿಕದ ಪ್ರಾವಿಡೆನ್ಸ್ ಬಂದರಿನಿಂದ ಆಫ್ರಿಕಾಕ್ಕೆ ಹೊರಟ ಸ್ಯಾಲಿ ಎಂಬ ಹಾಯಿಹಡಗಿನ ಯಾನವನ್ನು.

ಈ ಹಡಗನ್ನು ಆರಿಸಿಕೊಂಡದ್ದಕ್ಕೆ ಕಾರಣ ಅದರ ಕಾಗದಪತ್ರಗಳು. ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಸಾವಿರಾರು ಹಡಗುಗಳು ಓಡಾಡಿದವು. ಹೆಚ್ಚಿನವುಗಳ ಬಗ್ಗೆ ಉಳಿದಿರುವುದು ಹೊರಟ ದಿನ, ಮುಟ್ಟಿದ ದಿನ, ಹತ್ತಿಸಿದವರು ಎಷ್ಟು, ಇಳಿಸಿದವರು ಎಷ್ಟು ಎಂಬ ನಾಲ್ಕು ಅಂಕಿಗಳು. ಸ್ಯಾಲಿಯದು ಹಾಗಲ್ಲ. ಕಪ್ತಾನ ದಿನದಿನ ಬರೆದ ಲೆಕ್ಕದ ಪುಸ್ತಕ ಉಳಿದಿದೆ, ಮಾಲೀಕರು ಅವನಿಗೆ ಕೊಟ್ಟ ಸೂಚನೆಯ ಪತ್ರ ಉಳಿದಿದೆ, ಅವನು ಅವರಿಗೆ ಬರೆದ ಉತ್ತರಗಳೂ ಇವೆ. ಯಾವ ಹೊತ್ತಿನಲ್ಲಿ ಯಾರು ಏನನ್ನು ನಿರ್ಧರಿಸಿದರು ಎಂದು ಪುಟ ತಿರುವಿ ನೋಡಬಹುದು.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು. ಪ್ರಕರಣ ಅಧ್ಯಯನದಲ್ಲಿ ಸಂಬಂಧಪಟ್ಟವರ ಗುರುತು ಮರೆಮಾಡುವುದು ರೂಢಿ. ಆ ರೂಢಿಯನ್ನು ನಾನಿಲ್ಲಿ ಬೇರೆಯದೇ ಕಾರಣಕ್ಕೆ ಪಾಲಿಸುತ್ತಿದ್ದೇನೆ. ಸ್ಯಾಲಿಯ ಮಾಲೀಕರ ಹೆಸರು, ಕಪ್ತಾನನ ಹೆಸರು ಅಮೆರಿಕದ ಇತಿಹಾಸದ ಪುಸ್ತಕಗಳಲ್ಲಿ ದಪ್ಪ ಅಕ್ಷರದಲ್ಲಿವೆ, ಹುಡುಕಿದವರಿಗೆ ಕ್ಷಣದಲ್ಲಿ ಸಿಗುತ್ತವೆ. ಆದರೆ ಆ ಹಡಗು ಕೊಂಡ 196 ಆಫ್ರಿಕನ್ನರನ್ನು ಲೆಕ್ಕದ ಪುಸ್ತಕ ಹೆಸರಿಟ್ಟು ಕರೆಯುವುದಿಲ್ಲ. ಒಬ್ಬ ಗಂಡಸು, ಒಬ್ಬಳು ಹೆಂಗಸು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಷ್ಟೇ. ಒಂದು ಕಡೆಯವರಿಗೆ ಹೆಸರಿಲ್ಲದ ಮೇಲೆ ಇನ್ನೊಂದು ಕಡೆಯವರನ್ನು ಹೆಸರು ಹಿಡಿದು ಮಾತನಾಡಿಸಲು ನನಗೆ ಮನಸ್ಸಾಗುವುದಿಲ್ಲ. ಆದ್ದರಿಂದ ಮಾಲೀಕರು ಇಲ್ಲಿ ನಾಲ್ವರು ಅಣ್ಣತಮ್ಮಂದಿರು. ಹಡಗು ನಡೆಸಿದವನು ಕಪ್ತಾನ.

ಹಿನ್ನೆಲೆ

ಪ್ರಾವಿಡೆನ್ಸ್ ಇದ್ದ ರೋಡ್ ಐಲೆಂಡ್ ಅಂದಿನ ಬ್ರಿಟಿಷ್ ವಸಾಹತುಗಳಲ್ಲಿ ತೀರ ಚಿಕ್ಕದು. ಆದರೆ ಉತ್ತರ ಅಮೆರಿಕದಿಂದ ಆಫ್ರಿಕಾಕ್ಕೆ ಹೊರಟ ಗುಲಾಮ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಪುಟ್ಟ ಪ್ರದೇಶದ್ದೇ. ಕಾರಣ ರಮ್. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಗುಲಾಮರು ದುಡಿದು ತೆಗೆದ ಕಾಕಂಬಿಯನ್ನು ಇಲ್ಲಿಗೆ ತಂದು, ಭಟ್ಟಿ ಇಳಿಸಿ ರಮ್ ಮಾಡಿ, ಆ ರಮ್ ಕೊಟ್ಟು ಆಫ್ರಿಕಾದಲ್ಲಿ ಮನುಷ್ಯರನ್ನು ಕೊಂಡು, ಅವರನ್ನು ಅದೇ ಕಬ್ಬಿನ ಗದ್ದೆಗಳಿಗೆ ಮಾರುತ್ತಿದ್ದರು. 1764ರ ಆರಂಭದಲ್ಲಿ ಬ್ರಿಟನ್ನಿನ ಸಕ್ಕರೆ ಸುಂಕದ ವಿರುದ್ಧ ವಸಾಹತು ಒಂದು ಮನವಿ ಸಲ್ಲಿಸಿತು. ವರ್ಷಕ್ಕೆ ಸುಮಾರು 18 ಹಡಗುಗಳು 1,800 ದೊಡ್ಡ ಪೀಪಾಯಿ ರಮ್ ಹೊತ್ತು ಆಫ್ರಿಕಾಕ್ಕೆ ಹೋಗುತ್ತವೆ, ಕಾಕಂಬಿಯ ಮೇಲೆ ಸುಂಕ ಬಿದ್ದರೆ ಈ ವ್ಯಾಪಾರವೇ ನಿಂತುಹೋಗುತ್ತದೆ ಎಂದು ಅದರಲ್ಲಿ ಯಾವ ಸಂಕೋಚವೂ ಇಲ್ಲದೆ ವಾದಿಸಲಾಗಿತ್ತು. ಹೊಟ್ಟೆಪಾಡಿನ ಅಳಲು ತೋಡಿಕೊಳ್ಳುವ ಧಾಟಿ ಅದರದು.

ನಾಲ್ವರು ಅಣ್ಣತಮ್ಮಂದಿರು ಪ್ರಾವಿಡೆನ್ಸ್ ಪಟ್ಟಣದ ಗಣ್ಯ ಮನೆತನದವರು. ತಿಮಿಂಗಿಲದ ತಲೆಯ ಕೊಬ್ಬಿನಿಂದ ಮೇಣದಬತ್ತಿ ಮಾಡಿಸಿ ಮಾರುತ್ತಿದ್ದರು. ಹಡಗು ವ್ಯಾಪಾರವಿತ್ತು. ಕಬ್ಬಿಣ ಕರಗಿಸುವ ಕುಲುಮೆಯೊಂದನ್ನು ಹಾಕುವ ಯೋಚನೆ ನಡೆದಿತ್ತು, ಅದಕ್ಕೆ ಬಂಡವಾಳ ಬೇಕಿತ್ತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಯುದ್ಧ ಮುಗಿದು ವ್ಯಾಪಾರ ಕುಸಿದಿದ್ದ ಕಾಲ ಅದು. ಮನೆತನಕ್ಕೆ ಗುಲಾಮ ವ್ಯಾಪಾರ ಹೊಸದೇನೂ ಆಗಿರಲಿಲ್ಲ. 1736ರಲ್ಲಿ ಅವರ ತಂದೆ ಒಂದು ಹಡಗು ಕಳುಹಿಸಿದ್ದ. ಆ ಪಟ್ಟಣದಿಂದ ಹೊರಟ ಮೊದಲ ಗುಲಾಮ ಹಡಗು ಅದು. 1759ರಲ್ಲಿ ಚಿಕ್ಕಪ್ಪ ಕಳುಹಿಸಿದ ಇನ್ನೊಂದು ಫ್ರೆಂಚರ ಕೈಗೆ ಸಿಕ್ಕಿತ್ತು. ಸ್ಯಾಲಿ ಮೂರನೆಯ ಪ್ರಯತ್ನ.

ಕಿರಿಯ ತಮ್ಮನಿಗೆ ಆಗ ಇಪ್ಪತ್ತಾರರ ಆಸುಪಾಸು. ಅವನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ. ಅವನಿಗಿಂತ ಎರಡು ವರ್ಷ ದೊಡ್ಡವನಾದ ಮೂರನೆಯವನನ್ನೂ.

ಹೊರಡುವಾಗ

ಸ್ಯಾಲಿ ನೂರು ಟನ್ನಿನ, ಎರಡು ಕೂವೆಮರಗಳ ಹಡಗು. ಅದಕ್ಕೆ ತುಂಬಿದ ಸರಕಿನ ಪಟ್ಟಿಯನ್ನು ಮೊದಲ ತರಗತಿಯಲ್ಲೇ ವಿದ್ಯಾರ್ಥಿಗಳ ಮುಂದಿಡುತ್ತೇನೆ. 17,274 ಗ್ಯಾಲನ್ ರಮ್. ಈಗಿನ ಲೆಕ್ಕದಲ್ಲಿ ಸುಮಾರು 65,000 ಲೀಟರ್. 30 ಪೆಟ್ಟಿಗೆ ಮೇಣದಬತ್ತಿ, ಅವರದೇ ಕಾರ್ಖಾನೆಯದು. 40 ಪೀಪಾಯಿ ಹಿಟ್ಟು. 1,800 ಕಟ್ಟು ಈರುಳ್ಳಿ. 40 ಕೈಕೋಳ, 40 ಕಾಲ್ಕೋಳ. ಬಂದೂಕುಗಳು, ಕತ್ತಿಗಳು.

ಈರುಳ್ಳಿ ಮತ್ತು ಕಾಲ್ಕೋಳ ಒಂದೇ ಪಟ್ಟಿಯಲ್ಲಿ, ಒಂದೇ ಕೈಬರಹದಲ್ಲಿ. ಓದುತ್ತಿದ್ದ ಕಣ್ಣು ಅಲ್ಲಿ ಒಮ್ಮೆ ನಿಂತುಬಿಡುತ್ತದೆ.

1764ರ ಸೆಪ್ಟೆಂಬರಿನ ಸೂಚನೆಯ ಪತ್ರ ನಾಲ್ವರ ಹೆಸರಿನಲ್ಲಿದೆ. ಆಫ್ರಿಕಾ ಕರಾವಳಿಗೆ ಹೋಗಿ ರಮ್ ಮಾರಿ ಗುಲಾಮರನ್ನು ಕೊಳ್ಳಬೇಕು, ವೆಸ್ಟ್ ಇಂಡೀಸ್ ಕಡೆ ಮಾರಬೇಕು, ಉಳಿದದ್ದು ಕಪ್ತಾನನ ವಿವೇಚನೆಗೆ ಬಿಟ್ಟದ್ದು. ತಮ್ಮ ಮನೆಗಳ ಉಪಯೋಗಕ್ಕೆ ಎಳೆಯ ವಯಸ್ಸಿನ ನಾಲ್ವರು ಹುಡುಗರನ್ನು ತರಬೇಕೆಂಬ ಕೋರಿಕೆಯೂ ಇದೆ. ಪೇಟೆಗೆ ಹೊರಟವನಿಗೆ ಮನೆಯವರು ಚೀಟಿ ಬರೆದುಕೊಟ್ಟ ಹಾಗೆ. ಕಪ್ತಾನನ ಸಂಬಳದ ಜೊತೆಗೆ ಅವನದೇ ಲೆಕ್ಕದಲ್ಲಿ ಮಾರಿಕೊಳ್ಳಲು ಹತ್ತು ಗುಲಾಮರ ಪಾಲು.

ಈ ಕಪ್ತಾನ ಒಳ್ಳೆಯ ನಾವಿಕ. ಯುದ್ಧಕಾಲದಲ್ಲಿ ಶತ್ರು ಹಡಗುಗಳನ್ನು ಹಿಡಿಯುವ ಕೆಲಸದಲ್ಲಿ ಹೆಸರು ಮಾಡಿದ್ದ. ವಸಾಹತಿನ ಗವರ್ನರ್ ಅವನ ಸ್ವಂತ ಅಣ್ಣ. ಆದರೆ ಗುಲಾಮ ಹಡಗನ್ನು ಅವನು ಅದುವರೆಗೆ ನಡೆಸಿರಲಿಲ್ಲ. ಈ ವಿಷಯ ಬಂದಾಗ ವಿದ್ಯಾರ್ಥಿಗಳು ತಕ್ಷಣ ಹೇಳುವುದು, "ಅನುಭವವಿಲ್ಲದವನನ್ನು ನೇಮಿಸಿದ್ದೇ ಮೊದಲ ತಪ್ಪು." ನಾನು ಅವರನ್ನು ಅಲ್ಲಿಯೇ ತಡೆಯುತ್ತೇನೆ. ಅನುಭವಸ್ಥ ಕಪ್ತಾನನಿದ್ದು ಎಲ್ಲರೂ ಬದುಕಿ ಮಾರಾಟವಾಗಿದ್ದರೆ ಅದನ್ನು ಸರಿಯಾದ ನಿರ್ವಹಣೆ ಎಂದು ಬರೆಯುತ್ತೀರಾ? ತರಗತಿ ಸುಮ್ಮನಾಗುತ್ತದೆ. ಈ ಪ್ರಕರಣವನ್ನು ವ್ಯಾಪಾರದ ವೈಫಲ್ಯವಾಗಿ ಓದುವ ಚಪಲ ಬಹಳ ಬಲವಾದದ್ದು. ಮಾಲೀಕರು ಓದಿದ್ದೂ ಹಾಗೆಯೇ.

ಕರಾವಳಿಯಲ್ಲಿ ಒಂಬತ್ತು ತಿಂಗಳು

ನವೆಂಬರ್ 1764ರಲ್ಲಿ ಸ್ಯಾಲಿ ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿ ಮುಟ್ಟಿತು. ಅಲ್ಲಿಂದ ಹೊರಟದ್ದು ಮರುವರ್ಷದ ಆಗಸ್ಟ್ 20ರಂದು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಬೀಜ ಈ ಒಂಬತ್ತು ತಿಂಗಳುಗಳಲ್ಲಿದೆ.

ಗುಲಾಮ ಹಡಗು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ನಡುಸಮುದ್ರ. ಆದರೆ ಇಂಥ ಹಡಗು ತಿಂಗಳುಗಟ್ಟಲೆ ದಡದ ಬಳಿಯೇ ಲಂಗರು ಹಾಕಿ ನಿಲ್ಲುತ್ತಿತ್ತು. ವ್ಯಾಪಾರ ಚಿಲ್ಲರೆಯಾಗಿ ನಡೆಯುತ್ತಿತ್ತು. ಸ್ಥಳೀಯ ಒಡೆಯರಿಗೆ ರಮ್‌ನಲ್ಲಿ ಸುಂಕ ಕಟ್ಟಬೇಕು, ದಲ್ಲಾಳಿಗೆ, ದುಭಾಷಿಗೆ ಕೊಡಬೇಕು. ಇಂದು ಒಬ್ಬರು, ನಾಲ್ಕು ದಿನ ಬಿಟ್ಟು ಇಬ್ಬರು, ಮುಂದಿನ ವಾರ ಯಾರೂ ಇಲ್ಲ. ಅದೇ ನೀರಿನಲ್ಲಿ ಅದೇ ರಮ್ ತುಂಬಿಕೊಂಡು ಇತರ ಹಡಗುಗಳೂ ಕಾದು ನಿಂತಿದ್ದವು. ಹೊಟ್ಟೆ ತುಂಬದೆ ಹಡಗು ಹೊರಟರೆ ನಷ್ಟ. ಹೀಗಾಗಿ ಕಪ್ತಾನ ಕಾದ.

ಕಾಯುವುದು ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಾಗಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಒಂದು ಕಡೆ ಇಳಿಯುತ್ತಿರುವ ರಮ್, ಇನ್ನೊಂದು ಕಡೆ ಏರುತ್ತಿರುವ ಜನರ ಎಣಿಕೆ. ಆದರೆ ಮೊದಲ ತಿಂಗಳಲ್ಲಿ ಕೊಂಡ ವ್ಯಕ್ತಿಯ ಪಾಲಿಗೆ ಕಪ್ತಾನನ ಆ ಕಾಯುವಿಕೆ ಏನು ಎಂದು ಯೋಚಿಸಿ. ಎರಡು ಡೆಕ್‌ಗಳ ನಡುವಿನ ತಗ್ಗು ಜಾಗದಲ್ಲಿ, ಕಬ್ಬಿಣ ತೊಟ್ಟು, ಮಳೆಗಾಲ ಬಂದು ಕವಿಯುವವರೆಗೆ. ತಾನು ಹುಟ್ಟಿ ಬೆಳೆದ ಸೀಮೆಯ ಗಾಳಿ ಮೂಗಿಗೆ ಬಡಿಯುತ್ತಿರುವಾಗಲೇ. ಹೊಸಬರು ಬಂದಂತೆ ಹಳೆಯ ಸುದ್ದಿಗಳೂ ಬರುತ್ತಿದ್ದಿರಬೇಕು. ಯಾರ ಊರಿನ ಸುದ್ದಿ ಯಾರ ಕಿವಿಗೆ ಬಿತ್ತೋ.

ಹಡಗು ಹೊರಡುವ ಮೊದಲೇ 19 ಮಂದಿ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಜೂನ್ ತಿಂಗಳ ಒಂದು ನಮೂದಿನಲ್ಲಿ ಕಪ್ತಾನ, ಒಬ್ಬಳು ಹೆಂಗಸು ಡೆಕ್‌ಗಳ ನಡುವೆ ನೇಣು ಹಾಕಿಕೊಂಡಳು ಎಂದು ಬರೆದಿದ್ದಾನೆ. ಕಾಗುಣಿತ ಅವನಿಗೆ ಅಷ್ಟಾಗಿ ಒಲಿದಿರಲಿಲ್ಲ. ಪದಗಳು ಬಾಯಲ್ಲಿ ಬಂದ ಹಾಗೆ ಕಾಗದಕ್ಕೆ ಇಳಿದಿವೆ. ನಮೂದು ಒಂದೇ ಸಾಲಿನದು. ಹಿಂದೆ ಮುಂದೆ ಸರಕಿನ ಲೆಕ್ಕ. ಇಪ್ಪತ್ತನೆಯವಳೂ ಒಬ್ಬ ಹೆಂಗಸು. ಹಡಗು ಹಾಯಿ ಬಿಚ್ಚಿದ ದಿನ ಅವಳು ಸಾಯುವ ಸ್ಥಿತಿಯಲ್ಲಿದ್ದಳು, ಅವಳನ್ನು ಅಲ್ಲಿಯೇ ಬಿಟ್ಟು ಹೊರಟರು.

ನಮ್ಮ ಕಡೆ ಚಿನಿವಾರರು, ದಿನಸಿ ವ್ಯಾಪಾರಿಗಳು ತೇಮಾನು ಎಂಬ ಮಾತು ಬಳಸುತ್ತಾರೆ. ಸವೆದು, ಸೋರಿ, ಒಣಗಿ ಕಡಿಮೆಯಾಗುವ ತೂಕ. ಆ ಪುಸ್ತಕದಲ್ಲಿ ಈ 20 ಜೀವಗಳು ನಮೂದಾಗಿರುವ ರೀತಿ ನೋಡಿದರೆ ನನಗೆ ಬೇರೆ ಪದ ಹೊಳೆಯುವುದಿಲ್ಲ.

ಆಗಸ್ಟ್ 28

ದಡ ಬಿಟ್ಟ ಮೊದಲ ವಾರದಲ್ಲಿ ಇನ್ನೂ ನಾಲ್ವರು ಸತ್ತರು. ನಾವಿಕರಲ್ಲೂ ಹಲವರು ಕಾಯಿಲೆ ಬಿದ್ದಿದ್ದರು. ಹಾಯಿ ಎಳೆಯಲು, ಹಗ್ಗ ಬಿಗಿಯಲು ಕೈಗಳು ಸಾಲದೆ ಹೋದವು. ಆಗ ಕಪ್ತಾನ ಬಂಧಿಗಳಲ್ಲಿ ಕೆಲವರನ್ನು ಬಿಚ್ಚಿಸಿ ಡೆಕ್ ಮೇಲಿನ ಕೆಲಸಕ್ಕೆ ಹಚ್ಚಿದ.

ಹೊರಬಂದವರು ಒಳಗಿದ್ದವರನ್ನು ಬಿಡಿಸಿದರು. ಎಲ್ಲರೂ ಸೇರಿ ಹಡಗನ್ನು ವಶಪಡಿಸಿಕೊಳ್ಳಲು ನಾವಿಕರ ಮೇಲೆ ಬಿದ್ದರು.

ಆ ದಿನದ ನಮೂದಿನಲ್ಲಿ ಕಪ್ತಾನ ಬರೆದಿರುವುದು ಇಷ್ಟು: ಗುಲಾಮರು ನಮ್ಮ ಮೇಲೆ ಎದ್ದರು, ಗುಂಡು ಹಾರಿಸಬೇಕಾಯಿತು, 8 ಮಂದಿಯನ್ನು ನಾಶ ಮಾಡಿದೆವು, ಇನ್ನೂ ಹಲವರಿಗೆ ಬಲವಾದ ಗಾಯ, ಒಬ್ಬನ ತೊಡೆ, ಒಬ್ಬನ ಪಕ್ಕೆಲುಬು ಮುರಿದಿದೆ. 'ನಾಶ' ಎಂಬ ಪದ ಅವನದೇ. ಕೊಂದೆವು ಎಂದು ಅವನು ಬರೆಯಲಿಲ್ಲ.

ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಹಿಡಿಯಷ್ಟು ಗಟ್ಟಿಮುಟ್ಟು ನಾವಿಕರ ಎದುರು ನೂರಕ್ಕೂ ಹೆಚ್ಚು ಜನ. ಅವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಕಾಲು ಚಾಚಿ ನಡೆಯದವರು, ಕೈಯಲ್ಲಿ ಆಯುಧವಿಲ್ಲದವರು, ಬಹುಶಃ ಒಂದೇ ಭಾಷೆಯನ್ನೂ ಆಡದವರು. ಅವರು ಗೆದ್ದಿದ್ದರೆ ಏನಾಗುತ್ತಿತ್ತು? ದಡ ಬಿಟ್ಟು ಎಂಟೇ ದಿನ, ಮರಳುವ ದಾರಿ ಅಸಾಧ್ಯವೇನೂ ಆಗಿರಲಿಲ್ಲ. ಯಾವ ಸಮಯ ಆರಿಸಿಕೊಳ್ಳಬೇಕು, ಯಾರನ್ನು ಮೊದಲು ಬಿಡಿಸಬೇಕು, ಯಾವ ಸನ್ನೆಗೆ ಏಳಬೇಕು ಎಂದು ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡಿರಲೇಬೇಕು. ಆ ಸಮಾಲೋಚನೆಯ ಒಂದು ಮಾತೂ ನಮಗೆ ಉಳಿದಿಲ್ಲ. ಇಡೀ ಯಾನದಲ್ಲಿ ನಾನು ಕೇಳಬಯಸುವ ಮಾತುಕತೆ ಇದ್ದರೆ ಅದೊಂದೇ.

ಆಮೇಲೆ ನಡೆದದ್ದನ್ನು ಕಪ್ತಾನ ಅಕ್ಟೋಬರಿನಲ್ಲಿ ಆಂಟಿಗುವಾ ದ್ವೀಪದಿಂದ ಮಾಲೀಕರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ದಂಗೆ ಅಡಗಿಸಿದ ಬಳಿಕ ಅವರು ಎಷ್ಟು ಎದೆಗುಂದಿದರೆಂದರೆ, ಕೆಲವರು ನೀರಿಗೆ ಬಿದ್ದು ಮುಳುಗಿದರು, ಕೆಲವರು ಉಪವಾಸ ಬಿದ್ದು ಸತ್ತರು, ಉಳಿದವರು ಕಾಯಿಲೆಯಾಗಿ ಸತ್ತರು ಎಂದು. ಲೆಕ್ಕದ ಪುಸ್ತಕದಲ್ಲಿ ಆ ವಾರಗಳ ಪುಟಗಳು ದಿನ ಬಿಟ್ಟು ದಿನ ಎನ್ನುವಂತೆ ಸಾವಿನ ನಮೂದುಗಳಿಂದ ತುಂಬಿವೆ. ಒಬ್ಬ ಹುಡುಗ. ಒಬ್ಬಳು ಹೆಂಗಸು. ಒಬ್ಬ ಗಂಡಸು. ಒಬ್ಬಳು ಹುಡುಗಿ.

ಏಳು ವಾರಗಳ ಆ ದಾರಿಯಲ್ಲಿ ಸತ್ತವರು 68 ಮಂದಿ. ಆಂಟಿಗುವಾ ಮುಟ್ಟಿದ ಮೇಲಿನ ಕೆಲವು ದಿನಗಳಲ್ಲಿ 20 ಮಂದಿ. ಕೊನೆಯಲ್ಲಿ ಪ್ರಾವಿಡೆನ್ಸ್‌ಗೆ ಮರಳುವ ಹಾದಿಯಲ್ಲಿ ಇನ್ನೂ ಒಬ್ಬರು. ಕರಾವಳಿಯ 20 ಸೇರಿದರೆ 109. ಹಡಗು ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ. ಬದುಕಿ ದಡ ಸೇರಿದವರು ಎಲುಬಿನ ಹಂದರಗಳಾಗಿದ್ದರು, ಮಾಲೀಕರು ಎಣಿಸಿದ್ದ ಬೆಲೆಗೆ ಬಹಳ ಕೆಳಗೆ ಮಾರಾಟವಾದರು.

ಎದೆಗುಂದಿದರು ಎಂದು ಕಪ್ತಾನ ಬರೆದ. ಹಡಗಿನ ಮೇಲೆ ಅವರಿಗೆ ಉಳಿದಿದ್ದ ಒಂದೇ ಹಕ್ಕೆಂದರೆ ಅನ್ನ ಮುಟ್ಟದಿರುವುದು. ಅದನ್ನು ಅವರು ಬಳಸಿದರು. ನಾನು ಆ ಪತ್ರ ಓದುವುದು ಹಾಗೆ.

ಒಂದು ಪತ್ರ, ನಂತರ ಇನ್ನೊಂದು

ಸುದ್ದಿ ಪ್ರಾವಿಡೆನ್ಸ್ ತಲುಪಿದ್ದು 1765ರ ಕೊನೆಗೆ. ಅಣ್ಣತಮ್ಮಂದಿರು ಕಪ್ತಾನನಿಗೆ ಬರೆದ ಉತ್ತರದ ಸಾರ ಹೀಗಿದೆ: 88 ಗುಲಾಮರನ್ನು ಕಳೆದುಕೊಂಡ ಸುದ್ದಿ ನಮಗೂ ನಿನ್ನ ಗೆಳೆಯರಿಗೂ ಎಷ್ಟು ಅಹಿತಕರ ಎಂದು ಹೇಳಬೇಕಾಗಿಲ್ಲ, ಆದರೆ ನೀನು ಆರೋಗ್ಯವಾಗಿರುವೆ ಎಂಬುದೇ ನಮಗೆ ದೊಡ್ಡ ಸಮಾಧಾನ, ನಮ್ಮ ಬಂಡವಾಳಕ್ಕೆ ಬಿದ್ದ ಭಾರಿ ನಷ್ಟದ ನಡುವೆಯೂ ಉಲ್ಲಾಸವಾಗಿದ್ದೇವೆ.

ಈ ಪತ್ರ ಕೆಟ್ಟವರು ಬರೆದ ಪತ್ರದಂತೆ ಕಾಣುವುದಿಲ್ಲ, ನನ್ನನ್ನು ಕಾಡುವುದು ಅದೇ. ತಮಗಾಗಿ ದುಡಿದ ಮನುಷ್ಯನನ್ನು ನಷ್ಟದ ಹೊತ್ತಿನಲ್ಲಿ ಬೈಯದೆ, ನಿನ್ನ ಜೀವ ದೊಡ್ಡದು ಎನ್ನುವ ಮಾಲೀಕರು ಎಷ್ಟು ಜನ ಸಿಕ್ಕಾರು? ಒಳ್ಳೆಯತನ ಅಲ್ಲಿದೆ. ಅದು ಕಪ್ತಾನನವರೆಗೆ ಹೋಗಿ ನಿಂತಿದೆ. 88 ಎಂಬ ಅಂಕಿಯನ್ನು ಅದು ಮುಟ್ಟಲೇ ಇಲ್ಲ.

ಮುಂದೆ ಅಣ್ಣತಮ್ಮಂದಿರು ಹಿಡಿದ ದಾರಿಗಳು ಬೇರೆಯಾದವು. ಒಂದೇ ಪುಸ್ತಕವನ್ನು ನಾಲ್ವರೂ ಓದಿದ್ದರು. ಹಿರಿಯರಿಬ್ಬರೂ ಕಿರಿಯನೂ ಮತ್ತೆ ಗುಲಾಮ ಹಡಗಿಗೆ ಹಣ ಹಾಕಲಿಲ್ಲ. ಹಿರಿಯರ ವಿಷಯದಲ್ಲಿ ಇದು ಪಶ್ಚಾತ್ತಾಪವೋ ನಷ್ಟದ ಭಯವೋ ಎಂದು ಬೇರ್ಪಡಿಸುವುದು ಕಷ್ಟ, ನನಗೆ ಎರಡನೆಯದೇ ಹೆಚ್ಚು ಅನ್ನಿಸುತ್ತದೆ. ಮೂರನೆಯವನು ನಾಲ್ಕೇ ವರ್ಷಗಳಲ್ಲಿ ಇನ್ನೊಂದು ಹಡಗು ಕಳುಹಿಸಿದ. ಸ್ಯಾಲಿಯಲ್ಲಿ ಅವನು ಕಂಡದ್ದು ಸರಿಯಾಗಿ ನಡೆಸದ ಒಂದು ಯಾನವನ್ನು.

ಕಿರಿಯನ ಬದಲಾವಣೆ ನಿಧಾನವಾಗಿ ಆಯಿತು. 1773ರಲ್ಲಿ ಅವನ ಹೆಂಡತಿ ತೀರಿಕೊಂಡಳು. ಅದೇ ವರ್ಷ ತನ್ನ ಒಡೆತನದಲ್ಲಿದ್ದ ಗುಲಾಮರನ್ನು ಬಿಡುಗಡೆ ಮಾಡಿದ, ಮರುವರ್ಷ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥ ಸೇರಿದ. ಸ್ಯಾಲಿ ಮರಳಿ ಬಂದು ಆಗಲೇ ಎಂಟು ವರ್ಷ. ಲೆಕ್ಕದ ಪುಸ್ತಕ ಓದಿದ ಮರುದಿನವೇ ಅವನ ಕಣ್ಣು ತೆರೆಯಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಆ ಎಂಟು ವರ್ಷ ಅವನ ಮನೆಯಲ್ಲೂ ಗುಲಾಮರು ದುಡಿದರು.

1783ರಲ್ಲಿ ಪಟ್ಟಣದ ಇನ್ನೊಂದು ವ್ಯಾಪಾರಿ ಸಂಸ್ಥೆ ಆಫ್ರಿಕಾಕ್ಕೆ ಹಡಗು ಸಜ್ಜು ಮಾಡುತ್ತಿರುವ ಸುದ್ದಿ ಅವನ ಕಿವಿಗೆ ಬಿತ್ತು. ಅವರಿಗೆ ಅವನು ಬರೆದ ಪತ್ರ ನನ್ನ ಮಟ್ಟಿಗೆ ಈ ಕಡತದ ಅತ್ಯಂತ ಪ್ರಾಮಾಣಿಕ ಕಾಗದ. 1764ರಲ್ಲಿ ಯಾರಾದರೂ ತನಗೆ ಇಂಥದೊಂದು ಪತ್ರ ಬರೆದಿದ್ದರೆ ತಾನು ಆ ಪಾಪದಿಂದ ಉಳಿಯುತ್ತಿದ್ದೆನೆಂದು ಅದರಲ್ಲಿ ಹೇಳುತ್ತಾನೆ. ಬದುಕಿನಲ್ಲಿ ತಾನು ಮಾಡಿದ ಕೆಲಸಗಳಲ್ಲೆಲ್ಲ ಮನಸ್ಸಿಗೆ ಅತಿ ಹೆಚ್ಚು ನೆಮ್ಮದಿಗೆಡಿಸಿದ್ದು, ಅತಿ ದೊಡ್ಡ ಕಲೆ ಉಳಿಸಿದ್ದು ಅದೇ ಎನ್ನುತ್ತಾನೆ.

ಪತ್ರ ಬರೆದು ಕೈತೊಳೆದುಕೊಂಡು ಕೂತವನೂ ಅಲ್ಲ ಅವನು. ರೋಡ್ ಐಲೆಂಡ್ 1787ರಲ್ಲಿ ತನ್ನ ಪ್ರಜೆಗಳು ಗುಲಾಮ ವ್ಯಾಪಾರದಲ್ಲಿ ತೊಡಗುವುದನ್ನು ನಿಷೇಧಿಸಿತು, ಅದರ ಹಿಂದಿನ ಓಡಾಟದಲ್ಲಿ ಅವನಿದ್ದ. ಕಾನೂನು ಬಂದರೂ ಜಾರಿ ಮಾಡುವವರಿಲ್ಲ ಎಂದು 1789ರಲ್ಲಿ ಅವನೂ ಸಂಗಡಿಗರೂ ಪ್ರಾವಿಡೆನ್ಸ್‌ನಲ್ಲಿ ಗುಲಾಮಗಿರಿಯ ವಿರುದ್ಧ ಸಂಘ ಕಟ್ಟಿದರು. ಸಂಘ ಹುಟ್ಟಿದ ಸುತ್ತಿನಲ್ಲೇ ಮೂರನೆಯವನು ಪಟ್ಟಣದ ಪತ್ರಿಕೆಯಲ್ಲಿ ಮಾರುಹೆಸರಿನಿಂದ ಗುಲಾಮ ವ್ಯಾಪಾರವನ್ನು ಸಮರ್ಥಿಸಿ ಬರೆದ, ಕಿರಿಯನೂ ಪತ್ರಿಕೆಯಲ್ಲೇ ಉತ್ತರ ಕೊಟ್ಟ. ಬೀದಿಯಲ್ಲಿ ಎದುರಾದರೆ ಕುಶಲ ಕೇಳುತ್ತಿದ್ದ ಅಣ್ಣತಮ್ಮಂದಿರು ವಾರವಾರ ಅಚ್ಚಿನಲ್ಲಿ ಕಾದಾಡಿದರು.

1794ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಪರದೇಶಗಳಿಗೆ ಗುಲಾಮರನ್ನು ಸಾಗಿಸಲು ಹಡಗು ಸಜ್ಜುಗೊಳಿಸುವುದನ್ನು ನಿಷೇಧಿಸಿತು. ಮೂರನೆಯವನ ಹೋಪ್ ಎಂಬ ಹಡಗು ಅದರ ನಂತರವೂ ಹೋಯಿತು, ಹವಾನಾದಲ್ಲಿ ಜನರನ್ನು ಮಾರಿತು. 1797ರಲ್ಲಿ ಆ ಕಾನೂನಿನಡಿ ಅವನ ವಿಚಾರಣೆ ನಡೆದಾಗ ಮೊಕದ್ದಮೆಗೆ ಬೆನ್ನಾಗಿ ನಿಂತದ್ದು ತಮ್ಮನ ಸಂಘ. ಹಡಗು ಮುಟ್ಟುಗೋಲಾಯಿತು. ಅವನ ಮೇಲಿನ ಇನ್ನೊಂದು ಆರೋಪದಲ್ಲಿ ತೀರ್ಪುಗಾರರು ಅವನನ್ನು ಬಿಟ್ಟರು. ಬಳಿಕ ಸಂಸತ್ತಿಗೆ ಆರಿಸಿ ಹೋದವನು ಅಲ್ಲಿಯೂ ಕಾನೂನನ್ನು ಬಿಗಿಗೊಳಿಸುವುದನ್ನು ವಿರೋಧಿಸಿದ.

ಕಿರಿಯನನ್ನು ಪೂಜಿಸುವ ಆಸೆ ವಿದ್ಯಾರ್ಥಿಗಳಿಗೆ ಈ ಹಂತದಲ್ಲಿ ಹುಟ್ಟುತ್ತದೆ. ಆಗ ಇನ್ನೊಂದು ಸಂಗತಿ ಹೇಳುವುದು ನನ್ನ ಕರ್ತವ್ಯ. ಅಮೆರಿಕದಲ್ಲಿ ಯಂತ್ರದಿಂದ ಹತ್ತಿ ನೂಲುವ ಉದ್ಯಮ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ 1790ರ ಸುಮಾರಿಗೆ ನೆಲೆಯೂರಿತು. ಅದಕ್ಕೆ ಬಂಡವಾಳ ಹಾಕಿದವರಲ್ಲಿ ಮುಖ್ಯ ಇವನೇ. ಮುಂದಿನ ದಶಕಗಳಲ್ಲಿ ಅಂಥ ಗಿರಣಿಗಳಿಗೆ ಬಂದ ಹತ್ತಿಯನ್ನು ದಕ್ಷಿಣದ ತೋಟಗಳಲ್ಲಿ ಬಿಡಿಸಿದ ಕೈಗಳು ಯಾರವೆಂದು ಹೇಳಬೇಕಾಗಿಲ್ಲ. ಹಡಗನ್ನು ಬಿಡುವುದು ಅವನ ಕೈಲಿತ್ತು, ಬಿಟ್ಟ. ಆ ಹಡಗುಗಳ ಮೇಲೆ ನಿಂತಿದ್ದ ಇಡೀ ಆರ್ಥಿಕ ವ್ಯವಸ್ಥೆಯಿಂದ ಹೊರಬರಲು ಅವನಿಂದಲೂ ಆಗಲಿಲ್ಲ.

ಕಪ್ತಾನನ ಕಥೆ ಬೇಗ ಹೇಳಿ ಮುಗಿಸುತ್ತೇನೆ. 1775ರ ಕೊನೆಗೆ, ಬ್ರಿಟನ್ ವಿರುದ್ಧ ಎದ್ದ ವಸಾಹತುಗಳು ಅವನನ್ನು ತಮ್ಮ ಹೊಸ ನೌಕಾಪಡೆಯ ಮೊದಲ ಸೇನಾಧಿಪತಿಯನ್ನಾಗಿ ಮಾಡಿದವು. 1778ರಲ್ಲಿ ವಜಾ ಆದ. ಪ್ರಾವಿಡೆನ್ಸ್‌ನಲ್ಲಿ ಅವನ ಪ್ರತಿಮೆ ಇದೆ.

ಕಡತ ಮತ್ತೆ ತೆರೆದದ್ದು

ಸ್ಯಾಲಿ ಹೊರಟ ವರ್ಷವೇ ಆ ವಸಾಹತಿನಲ್ಲಿ ಒಂದು ಕಾಲೇಜಿಗೆ ಸನ್ನದು ಸಿಕ್ಕಿತ್ತು. 1770ರಲ್ಲಿ ಅದು ಪ್ರಾವಿಡೆನ್ಸ್‌ಗೆ ಬಂದದ್ದು ಈ ಅಣ್ಣತಮ್ಮಂದಿರ ಪ್ರಯತ್ನದಿಂದ. 1804ರಲ್ಲಿ ಹಿರಿಯಣ್ಣನ ಮಗ 5,000 ಡಾಲರ್ ಕೊಟ್ಟ ಮೇಲೆ ಮನೆತನದ ಹೆಸರನ್ನೇ ಅದಕ್ಕೆ ಇಟ್ಟರು. ಈಗ ಅದು ಜಗತ್ತಿನ ಹೆಸರುವಾಸಿ ವಿಶ್ವವಿದ್ಯಾಲಯಗಳಲ್ಲಿ ಒಂದು.

2003ರಲ್ಲಿ ಅದರ ಅಧ್ಯಕ್ಷೆಯಾಗಿದ್ದವರು ರೂತ್ ಸಿಮನ್ಸ್. ಟೆಕ್ಸಾಸ್‌ನ ಗೇಣಿ ರೈತರ ಮಗಳು, ಗುಲಾಮರಾಗಿದ್ದವರ ವಂಶದ ಕುಡಿ. ಸಂಸ್ಥೆಗೂ ಗುಲಾಮಗಿರಿಗೂ ಇದ್ದ ನಂಟನ್ನು ಪೂರ್ತಿ ಹೊರತೆಗೆಯಬೇಕೆಂದು ಅವರು ಸಮಿತಿ ನೇಮಿಸಿದರು. 2006ರಲ್ಲಿ ವರದಿ ಬಂತು. ಅದು ಶುರುವಾಗುವುದು ಸ್ಯಾಲಿಯ ಕಥೆಯಿಂದಲ್ಲದಿದ್ದರೂ, ಅದರ ಎದೆಯಲ್ಲಿ ಇರುವುದು ಆ ಹಡಗೇ. ಲೆಕ್ಕದ ಪುಸ್ತಕ ಅದುವರೆಗೆ ಎಲ್ಲಿತ್ತು? ಅದೇ ಆವರಣದ ಗ್ರಂಥಾಲಯದಲ್ಲಿ, ಕ್ರಮವಾಗಿ ಪಟ್ಟಿಯಾಗಿ, ಜೋಪಾನವಾಗಿ. ಸಂಶೋಧಕರಿಗೆ ಗೊತ್ತಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ. ಸಂಸ್ಥೆಯ ಚುಕ್ಕಾಣಿ ಹಿಡಿದವರು ತೆಗೆದು ಓದಿ ಎಂದು ಹೇಳಲು 240 ವರ್ಷಗಳ ಹತ್ತಿರ ಬೇಕಾಯಿತು.

ವರದಿ ಬಂದ ಮೇಲೆ ಪುಸ್ತಕದ ಪುಟಗಳ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತಾದವು. ನಾನು ತರಗತಿಯ ಗೋಡೆಯ ಮೇಲೆ ಮೂಡಿಸುವುದು ಅವುಗಳನ್ನೇ.

ಅಭ್ಯಾಸಕ್ಕೆಂದು ಒಂದು ಕೋಷ್ಟಕ ಕೊಡುತ್ತೇನೆ. ದಿನಾಂಕ, ಘಟನೆ, ತೀರ್ಮಾನ ಯಾರದು, ಪರಿಣಾಮ. ನಾಲ್ಕು ಅಂಕಣಗಳು. ಮೊದಲ ವರ್ಷ ಬಂದ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಮೂರನೆಯ ಅಂಕಣದಲ್ಲಿ ಎರಡೇ ಪದಗಳು ತಿರುಗಿ ತಿರುಗಿ ಬಂದವು: ಮಾಲೀಕರು, ಕಪ್ತಾನ. ಆಗಸ್ಟ್ 28ರ ಎದುರು ಕೂಡ ಹಲವರು ಕಪ್ತಾನ ಎಂದೇ ಬರೆದಿದ್ದರು, ಬಂಧಿಗಳನ್ನು ಬಿಚ್ಚಿಸಿದ್ದು ಅವನ ತೀರ್ಮಾನ ಎಂಬ ಕಾರಣಕ್ಕೆ. ತಪ್ಪು ಅವರದಲ್ಲ. ಕೋಷ್ಟಕ ಹಾಕಿಕೊಟ್ಟವನು ನಾನು, ಹಿಂದಿನ ವಾರವೆಲ್ಲ ಪಾಠದಲ್ಲಿ ಮಾಲೀಕರ ಲಾಭ, ಕಪ್ತಾನನ ವಿವೇಚನೆ ಎಂದೇ ಮಾತಾಡಿದವನು ನಾನು.

ಕೊನೆಯ ಬೆಂಚಿನಿಂದ ಬಂದ ಒಂದು ಉತ್ತರ ಪತ್ರಿಕೆ ಬೇರೆ ಥರ ಇತ್ತು. ಅವಳು ಆಗಸ್ಟ್ 28ರ ಎದುರು "ಅವರೆಲ್ಲರದು" ಎಂದು ಬರೆದಿದ್ದಳು. ಜೂನ್ ತಿಂಗಳ ನಮೂದನ್ನು ಮಿಕ್ಕವರು ಯಾರೂ ಕೋಷ್ಟಕಕ್ಕೆ ಸೇರಿಸಿಯೇ ಇರಲಿಲ್ಲ. ಅವಳು ಅದಕ್ಕೆ ಒಂದು ಸಾಲು ಬಿಟ್ಟಿದ್ದಳು. ತೀರ್ಮಾನ ಯಾರದು ಎಂಬಲ್ಲಿ "ಅವಳದು" ಎಂದಿತ್ತು. ಪರಿಣಾಮದ ಅಂಕಣದಲ್ಲಿ ಏನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ ಗುರುತಿತ್ತು. ನಾನು ಆ ಅಂಕಣಕ್ಕೂ ಪೂರ್ತಿ ಅಂಕ ಕೊಟ್ಟೆ.